ಅಪ್‌ಡೇಟ್: ಎನ್‌ಸಿಸಿ ಬಿಡಲಿಲ್ಲ, ಎಸ್‌ಎಸ್‌ಬಿ (ಸೇನಾಧಿಕಾರಿ ಆಯ್ಕೆಯ ಸಂದರ್ಶನ) ಮುಗಿಸಿ ಬಂದೆ

ಬಿ.ಎಸ್ಸಿ ಎರಡನೇ ವರ್ಷದಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ: ಪರೇಡ್‌ನಿಂದ ಓದು ಹಿಂದೆ ಬೀಳುತ್ತಿದೆ, ಎನ್‌ಸಿಸಿ ಬಿಟ್ಟುಬಿಡಲಾ ಅಂತ. ಬಹಳ ಜನ ಎನ್‌ಸಿಸಿಯ ಕೊನೆಯ ಹಂತದ 'ಸಿ' ಸರ್ಟಿಫಿಕೇಟ್ ತನಕ ಇರು ಅಂದಿರಿ. ಇದ್ದೆ. ಅದರಲ್ಲಿ 'ಬಿ' ಗ್ರೇಡ್ ಬಂತು.

ಅದರಿಂದ ಆದ ಅನುಕೂಲ ದೊಡ್ಡದು. ಡಿಗ್ರಿಯಲ್ಲಿ 50% ಇದ್ದು ಈ ಸರ್ಟಿಫಿಕೇಟ್ ಇದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ, ಅಂದರೆ ಕೆಡೆಟ್‌ಗಳು ಸೇನಾಧಿಕಾರಿ ಆಗಲು ಇರುವ ದಾರಿಗೆ, ಅರ್ಜಿ ಹಾಕಬಹುದು. ಸೇನಾಧಿಕಾರಿ ಆಗಲು ಯುಪಿಎಸ್‌ಸಿ ನಡೆಸುವ ಸಿಡಿಎಸ್ ಲಿಖಿತ ಪರೀಕ್ಷೆ ಬೇಡ. ಅರ್ಜಿ ಆಯ್ಕೆಯಾದರೆ ನೇರ ಎಸ್‌ಎಸ್‌ಬಿ. ನನಗೆ ನಮ್ಮ ಬೆಂಗಳೂರಿನ ಸೆಂಟರೇ ಸಿಕ್ಕಿತು.

ಐದು ದಿನ. ಮೊದಲ ದಿನವೇ ಸ್ಕ್ರೀನಿಂಗ್. ಒಂದು ಮಸುಕಾದ ಚಿತ್ರ 30 ಸೆಕೆಂಡ್ ತೋರಿಸುತ್ತಾರೆ, 4 ನಿಮಿಷದಲ್ಲಿ ಕಥೆ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಚರ್ಚೆ. ಅಲ್ಲಿ ಸುಮ್ನೆ ಜೋರಾಗಿ ಮಾತಾಡಿದವರಲ್ಲಿ ಎಷ್ಟೋ ಜನ ಅವತ್ತೇ ವಾಪಸ್ ಹೋದರು. ಹಲಗೆ, ಹಗ್ಗ ಹಿಡಿದು ಗುಂಪಾಗಿ ಅಡೆತಡೆ ದಾಟುವಾಗ ನನಗೆ ಕ್ಯಾಂಪ್ ದಿನಗಳೇ ಜಾಸ್ತಿ ನೆರವಾದವು.

ಕೊನೆಯ ದಿನ ಪರೀಕ್ಷಕರೆಲ್ಲ ಕೂತು ತೀರ್ಮಾನಿಸುವ ಕಾನ್ಫರೆನ್ಸ್ ತನಕ ಹೋದೆ, ಆಯ್ಕೆಯಾಗಲಿಲ್ಲ. ಅವತ್ತು ತುಂಬಾ ಬೇಜಾರಾಯಿತು. ಅಪ್ಪ ಮಾತ್ರ, "ಇನ್ನೂ ವಯಸ್ಸಿದೆ ಅಲ್ವಾ?" ಅಂದರು. ಇದೆ, 25ರವರೆಗೆ. ಮುಂದಿನ ಅರ್ಜಿ ತುಂಬುತ್ತಿದ್ದೇನೆ.