ಬೋಟು ದಡದಲ್ಲಿರುವ ಎಂಟು ವಾರ: ದೊಡ್ಡವರ ಬೈಬಲ್ ಪಾಠ ಎಲ್ಲಿಂದ ಶುರುಮಾಡಲಿ?

ಪ್ರಶ್ನೆ, ಕಾರವಾರದಿಂದ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳಲ್ಲಿ ನಮ್ಮ ಕೇರಿಯ ದೊಡ್ಡವರಿಗೆ ವಾರಕ್ಕೊಮ್ಮೆ ಬೈಬಲ್ ಪಾಠ ಮಾಡುವ ಜವಾಬ್ದಾರಿ ನನಗೆ ಬಂದಿದೆ. ಎಂಟು ವಾರ, ಪ್ರತಿ ಸಲ ಒಂದೂವರೆ ಗಂಟೆ, ಸುಮಾರು ಹನ್ನೆರಡು ಜನ. ಹೆಚ್ಚಿನವರು ಕಥೋಲಿಕರು, ಕೆಲವರು ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟರು), ಒಬ್ಬಿಬ್ಬರು ಪೆಂತೆಕೋಸ್ತ್ ಸಭೆಯವರು. ಮನೆಮಾತು ಕೊಂಕಣಿ, ಓದುವುದು ಕನ್ನಡ. ದೇವರು ತನ್ನನ್ನು ಪ್ರಕಟಿಸಿಕೊಳ್ಳುವುದು ಎಂದರೇನು, ಬೈಬಲನ್ನು ಅರ್ಥಮಾಡಿಕೊಳ್ಳುವುದು ಹೇಗೆ, ಇವೆರಡನ್ನೂ ಕಲಿಸಬೇಕು. ಯಾವುದು ಮೊದಲು? ಒಬ್ಬೊಬ್ಬರು ಒಂದೊಂದು ವಚನ ಹಿಡಿದು ವಾದಕ್ಕೆ ಇಳಿದರೆ ಏನು ಮಾಡಲಿ? ಪಾಠ ಮಾಡಿ ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಹೊನ್ನಾವರದಿಂದ

ಅಕ್ಕೋರೆ, ಪ್ರಕಟಣೆ ಮೊದಲು, ವ್ಯಾಖ್ಯಾನ ಆಮೇಲೆ. ಇದು ಹಿಂದುಮುಂದಾದರೆ ಬೈಬಲ್ ಎಂದರೆ ಆಕಾಶದಿಂದ ಇಳಿದುಬಂದ ಕಟ್ಟಳೆಗಳ ಪುಸ್ತಕ ಎಂಬ ಭಾವನೆ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಮೊದಲ ವಾರಕ್ಕೆ 19ನೇ ಕೀರ್ತನೆ ಒಂದೇ ಸಾಕು, 14 ವಚನ. ಮೊದಲ ಆರರಲ್ಲಿ ಆಕಾಶವೂ ಹಗಲು ರಾತ್ರಿಗಳೂ ಮಾತಿಲ್ಲದೆಯೇ ದೇವರ ಮಹಿಮೆ ಸಾರುತ್ತವೆ. ಏಳನೆಯದರಿಂದ ದೇವರ ಧರ್ಮಶಾಸ್ತ್ರದ ವಿಷಯ. ಕೊನೆಗೆ, ನನಗೇ ಕಾಣದ ತಪ್ಪುಗಳಿಂದ ನನ್ನನ್ನು ಶುದ್ಧಮಾಡು ಎಂಬ ಬೇಡಿಕೆ. ಸೃಷ್ಟಿಯನ್ನು ನೋಡಿ ದೇವರಿದ್ದಾನೆ ಎಂದು ತಿಳಿಯಬಹುದು, ಆದರೆ ಆ ದೇವರ ಮುಂದೆ ನಾನು ಹೇಗೆ ನಿಲ್ಲಬೇಕು ಎಂದು ತಿಳಿಯಲು ಅವನೇ ಮಾತಾಡಬೇಕು. ಇಷ್ಟು ಜನರ ಬಾಯಿಂದಲೇ ಬಂದ ಮೇಲೆ 'ಸಾಮಾನ್ಯ ಪ್ರಕಟಣೆ', 'ವಿಶೇಷ ಪ್ರಕಟಣೆ' ಎಂಬ ಹೆಸರು ಕೊಡಿ. ಹೆಸರನ್ನು ಮೊದಲೇ ಹಲಗೆಯ ಮೇಲೆ ಬರೆದರೆ ಜನ ಅದನ್ನೇ ನಕಲು ಮಾಡಿಕೊಂಡು ಕೀರ್ತನೆಯನ್ನು ಬಿಟ್ಟುಬಿಡುತ್ತಾರೆ.

ಎರಡನೇ ವಾರ ವಿಮೋಚನಕಾಂಡ 20:1-2. ಹತ್ತು ಆಜ್ಞೆಗಳು ಆಜ್ಞೆಯಿಂದ ಶುರುವಾಗುವುದಿಲ್ಲ, 'ಐಗುಪ್ತದ ಗುಲಾಮಗಿರಿಯಿಂದ ನಿಮ್ಮನ್ನು ಬಿಡಿಸಿದವನು ನಾನು' ಎಂಬಲ್ಲಿಂದ ಶುರುವಾಗುತ್ತವೆ. ಮೊದಲು ದೇವರು ಮಾಡಿದ ಕೆಲಸ, ಆಮೇಲೆ ಆ ಕೆಲಸದ ಅರ್ಥ ಹೇಳುವ ಮಾತು. 1965ರ ನವೆಂಬರ್ 18ರಂದು ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಮ್' (ದೇವರ ವಾಕ್ಯ) ಎಂಬ ದಾಖಲೆ ಕೂಡ ಇದನ್ನೇ ಹೇಳುತ್ತದೆ: ಪ್ರಕಟಣೆಯಲ್ಲಿ ಕಾರ್ಯ ಮತ್ತು ಮಾತು ಒಂದಕ್ಕೊಂದು ಹೆಣೆದುಕೊಂಡಿವೆ. ಅದೇ ದಿನ ಇಬ್ರಿಯರಿಗೆ 1:1-2 ಓದಿ. ಹಿಂದೆ ಪ್ರವಾದಿಗಳ ಮೂಲಕ ನಾನಾ ರೀತಿಯಲ್ಲಿ ಮಾತಾಡಿದವನು ಈಗ ಮಗನ ಮೂಲಕ ಮಾತಾಡಿದ್ದಾನೆ. ಪ್ರಕಟಣೆಯ ತುದಿಯಲ್ಲಿರುವುದು ಒಬ್ಬ ವ್ಯಕ್ತಿ, ಪುಸ್ತಕ ಅವನಿಗೆ ಸಾಕ್ಷಿ. ಇದು ಮನಸ್ಸಿಗೆ ಇಳಿಯದೆ ಮೂರನೇ ವಾರಕ್ಕೆ ಹೋಗಬೇಡಿ.

ಮೂರನೇ ವಾರ, ಬರೆದ ಕೈಗಳು. ಲೂಕ 1:1-4ರಲ್ಲಿ ಲೂಕನು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ. 1 ಕೊರಿಂಥ 1:14-16 ಇನ್ನೂ ಚೆನ್ನ. ಕ್ರಿಸ್ಪ, ಗಾಯ ಇಬ್ಬರನ್ನು ಬಿಟ್ಟು ನಿಮ್ಮಲ್ಲಿ ಯಾರಿಗೂ ದೀಕ್ಷಾಸ್ನಾನ ಮಾಡಿಸಲಿಲ್ಲ ಎಂದು ಬರೆದ ಪೌಲ, ಮರುಕ್ಷಣವೇ ಸ್ತೆಫನನ ಮನೆಯವರನ್ನು ನೆನಪಿಸಿಕೊಂಡು ಸೇರಿಸುತ್ತಾನೆ. ಮತ್ತ್ಯಾರಿಗಾದರೂ ಮಾಡಿಸಿದೆನೋ ಗೊತ್ತಿಲ್ಲ ಎಂದೂ ಹೇಳುತ್ತಾನೆ. ದೈವಪ್ರೇರಣೆ ಮನುಷ್ಯನ ನೆನಪನ್ನೂ ಶ್ರಮವನ್ನೂ ಅಳಿಸಿಹಾಕಲಿಲ್ಲ. ಬರೆದವನು ತನ್ನ ಕಾಲದವರಿಗೆ ಏನು ಹೇಳಲು ಹೊರಟಿದ್ದ ಎಂದು ನಾವು ಕೇಳಲೇಬೇಕಾಗುವುದು ಇದೇ ಕಾರಣಕ್ಕೆ.

ಕುಮಟಾದಿಂದ

ಪಾಠದ ದಿನ ಹೇಗೆ ನಡೆಸಬೇಕು ಎಂಬುದನ್ನು ನಾನು ಬರೆಯುತ್ತೇನೆ. ಆ ದಿನದ ಭಾಗವನ್ನು ವಚನಸಂಖ್ಯೆ, ಉಪಶೀರ್ಷಿಕೆ ತೆಗೆದು ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ಮುದ್ರಿಸಿ, ತಲೆಗೊಂದು ಪ್ರತಿ ಕೊಡಿ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಇಂಗ್ಲಿಷ್ ಧರ್ಮಗುರು ಸ್ಟೀಫನ್ ಲ್ಯಾಂಗ್‌ಟನ್ ಮಾಡಿದ್ದು. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಹಾಕಿದ್ದು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಸಂಖ್ಯೆ ಕಂಡರೆ ಜನ ಒಂದೊಂದು ವಚನವನ್ನು ಬಿಡಿಬಿಡಿಯಾಗಿ ಓದುತ್ತಾರೆ, ಇಲ್ಲದಿದ್ದರೆ ಮೇಲಿನಿಂದ ಕೆಳಗಿನವರೆಗೆ ಓದುತ್ತಾರೆ.

ಮೊದಲ 15 ನಿಮಿಷ ಗಟ್ಟಿಯಾಗಿ ಎರಡು ಸಲ ಓದು, ಇಬ್ಬರು ಬೇರೆ ಬೇರೆಯವರಿಂದ. ಒಂದು ಸಲ ಹಳೆಯ ಶೈಲಿಯ 'ಸತ್ಯವೇದವು', ಇನ್ನೊಂದು ಸಲ ಸುಲಭ ಕನ್ನಡದ 'ಪವಿತ್ರ ಬೈಬಲ್'. ಮುಂದಿನ 25 ನಿಮಿಷ ಮೂರು ಮೂರು ಜನರ ಗುಂಪು: ಯಾರು, ಯಾರಿಗೆ, ಯಾವಾಗ, ಯಾವ ಮಾತು ಮತ್ತೆ ಮತ್ತೆ ಬಂದಿದೆ. ಈ ಹಂತದಲ್ಲಿ 'ನನಗೆ ಅನಿಸುತ್ತದೆ' ಎನ್ನುವಂತಿಲ್ಲ, ಬೆರಳಿಟ್ಟು ಹಾಳೆಯಲ್ಲಿ ತೋರಿಸಬೇಕು. ಇಲ್ಲಿ ಕೊಂಕಣಿಯಲ್ಲೇ ಮಾತಾಡಲಿ, ಬಾಯಿ ಬೇಗ ಬಿಚ್ಚುತ್ತದೆ. ಆಮೇಲೆ 25 ನಿಮಿಷ, ಮೊದಲು ಕೇಳಿದವರಿಗೆ ಇದರ ಅರ್ಥವೇನಾಗಿತ್ತು. ಕೊನೆಯ 15, ನಮಗೇನು. ಉಳಿದ 10 ಪ್ರಾರ್ಥನೆಗೆ. ಕೆಡುವುದು ಯಾವಾಗಲೂ ಒಂದೇ ಜಾಗದಲ್ಲಿ: ಓದಿದ ಕೂಡಲೇ 'ನಮಗೇನು'ಗೆ ಹಾರುವುದು.

ನಾಲ್ಕನೇ ವಾರಕ್ಕೆ ಯೆರೆಮೀಯ 29:1-14 ಇಡಿ. ಹನ್ನೊಂದನೇ ವಚನ ('ನಿಮ್ಮ ಬಗ್ಗೆ ನನಗಿರುವ ಯೋಜನೆ ಹಿತದ್ದು') ಕ್ಯಾಲೆಂಡರಿನಲ್ಲಿ, ಗೋಡೆಯಲ್ಲಿ ಎಲ್ಲರೂ ನೋಡಿದ್ದೇ. ಆದರೆ ಇದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ. ಐದನೇ ವಚನ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಹತ್ತನೆಯದು ಎಪ್ಪತ್ತು ವರ್ಷ ಎನ್ನುತ್ತದೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಬಿಡುಗಡೆ ಎಂದಿದ್ದ, ಅದು ಸುಳ್ಳಾಯಿತು. ಪತ್ರ ಕೇಳಿದ ದೊಡ್ಡವರಲ್ಲಿ ಬಹುಪಾಲು ಜನ ಊರಿಗೆ ಮರಳುವವರಲ್ಲ. ಅಂಥವರಿಗೆ ಹೇಳಿದ ಭರವಸೆ ಎಂದು ಗೊತ್ತಾದಾಗ ಆ ವಚನದ ತೂಕ ಹೆಚ್ಚುತ್ತದೆ. 'ನೀವು ಇಷ್ಟು ದಿನ ತಪ್ಪಾಗಿ ಬಳಸಿದ್ದೀರಿ' ಎಂದು ಮಾತ್ರ ಹೇಳಬೇಡಿ. ಆ ವಚನ ಹಿಡಿದುಕೊಂಡು ಕಷ್ಟ ದಾಟಿದವರು ಅಲ್ಲೇ ಕೂತಿರುತ್ತಾರೆ.

ಶಿರಸಿಯಿಂದ

ವಾದದ ವಿಷಯ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಉಳಿದವರದ್ದರಲ್ಲಿ 66. ವ್ಯತ್ಯಾಸವಿರುವುದು ಹಳೆಯ ಒಡಂಬಡಿಕೆಯಲ್ಲಿ ಮಾತ್ರ, ಹೊಸ ಒಡಂಬಡಿಕೆಯ 27 ಎಲ್ಲರಿಗೂ ಒಂದೇ. ಇದನ್ನು ಮೊದಲ ದಿನವೇ ಎರಡು ನಿಮಿಷದಲ್ಲಿ ಹೇಳಿ ಮುಗಿಸಿ, ಪಾಠಕ್ಕೆ ಎಲ್ಲರೂ ಒಪ್ಪುವ ಪುಸ್ತಕಗಳನ್ನೇ ಆರಿಸಿ.

'ಧರ್ಮಸಭೆ ಹೇಳಿದ್ದೇ ಅರ್ಥ' ಎಂದು ಒಬ್ಬರು, 'ಬೈಬಲ್ ಒಂದೇ ಸಾಕು' ಎಂದು ಇನ್ನೊಬ್ಬರು ಹಿಡಿದರೆ ಇಬ್ಬರ ನಿಲುವನ್ನೂ ಸರಿಯಾಗಿ ಹೇಳಿ. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಯಲ್ಲಿದೆ ಎಂದು ದೇಯಿ ವೆರ್ಬುಮ್‌ನ 10ನೇ ಪರಿಚ್ಛೇದವೇ ಹೇಳುತ್ತದೆ. ಇತ್ತ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಕಾಲ್ವಿನ್ ಕೂಡ ಸಭಾಪಿತೃಗಳನ್ನು (ಮೊದಲ ಶತಮಾನಗಳ ಸಭೆಯ ಗುರುಗಳನ್ನು) ಬದಿಗಿಟ್ಟು ಓದಿದವರಲ್ಲ. ವಾಕ್ಯವೇ ಕೊನೆಯ ಅಳತೆ ಎಂದರು, ಒಂಟಿಯಾಗಿ ಓದಿ ಎನ್ನಲಿಲ್ಲ. ಭೇದ ಉಳಿಯುತ್ತದೆ, ಅದನ್ನು ಮುಚ್ಚಬೇಡಿ, ಆದರೆ ಎದುರಿನವರ ಮಾತನ್ನು ಅವರೇ ಒಪ್ಪುವಂತೆ ಹೇಳಲು ಕಲಿಸಿ.

'ಪವಿತ್ರಾತ್ಮನೇ ನನಗೆ ಈ ಅರ್ಥ ಕೊಟ್ಟ' ಎಂದರೆ ಅಲ್ಲಗಳೆಯಬೇಡಿ. 1 ಥೆಸಲೋನಿಕ 5:19-21 ಓದಿಸಿ: ಆತ್ಮನನ್ನು ನಂದಿಸಬೇಡಿ, ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ. ಬೇಕಾದ ಎರಡೂ ಅಲ್ಲೇ ಇವೆ. ಆಮೇಲೆ ಹಾಳೆ ಕೈಗಿಟ್ಟು, ಈ ಅರ್ಥ ಇಲ್ಲಿ ಎಲ್ಲಿದೆ ತೋರಿಸಿ ಎನ್ನಿ.

ಅಂಕೋಲೆಯಿಂದ

ಐದನೇ ವಾರಕ್ಕೆ ಮತ್ತಾಯ 13:47-50, ಬಲೆಯ ಸಾಮ್ಯ. ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆದವರು ಕೂತಿರುವ ಪಾಠದಲ್ಲಿ ಇದನ್ನು ಬಿಡಬಾರದು. ಬಲೆಗೆ ಎಲ್ಲ ಜಾತಿಯದೂ ಬರುತ್ತದೆ, ದಡಕ್ಕೆ ಎಳೆದ ಮೇಲೆ ಕೂತು ಆರಿಸುವುದು, ನೀರಿನಲ್ಲಿರುವಾಗ ಅಲ್ಲ. ಅವರಿಗೆ ವಿವರಿಸಬೇಕಾಗಿಯೇ ಇಲ್ಲ. ಅಪಾಯ ಬೇರೆ ಕಡೆ ಇದೆ: ದೋಣಿ ಯಾರು, ಹಗ್ಗ ಏನು, ಬಲೆಯ ಕಣ್ಣು ಏನು ಎಂದು ಒಂದೊಂದಕ್ಕೂ ಅರ್ಥ ಕಟ್ಟಲು ಹೊರಡುತ್ತಾರೆ. ಸಂತ ಅಗಸ್ಟೀನ್ ಒಳ್ಳೆಯ ಸಮಾರ್ಯನ ಕಥೆಯಲ್ಲಿ ಛತ್ರವನ್ನು ಧರ್ಮಸಭೆ ಎಂದೂ ಛತ್ರದವನನ್ನು ಪೌಲನೆಂದೂ ಓದಿದ್ದುಂಟು. ಭಕ್ತಿಗೆ ಅದು ಸರಿ, ಹೊಸಬರಿಗೆ ಅದೇ ದಾರಿಯಾಗಬಾರದು. ಇಲ್ಲಿ 49, 50ರಲ್ಲಿ ಯೇಸುವೇ ಅರ್ಥ ಹೇಳಿದ್ದಾನೆ: ಯುಗದ ಕೊನೆಯಲ್ಲಿ ದೂತರು ಬೇರ್ಪಡಿಸುತ್ತಾರೆ. ಪಠ್ಯವೇ ಅರ್ಥ ಕೊಟ್ಟಲ್ಲಿ ಅಲ್ಲೇ ನಿಲ್ಲಿ.

ಬರಹದ ಪ್ರಕಾರಭೇದ (ಕಾನೂನು, ಗಾದೆ, ಕಥೆ ಬೇರೆ ಬೇರೆ ಎಂಬುದು) ಕಲಿಸಲು ಜ್ಞಾನೋಕ್ತಿ 26:4-5 ಸಾಕು. ಮೂರ್ಖನಿಗೆ ಅವನಂತೆಯೇ ಉತ್ತರ ಕೊಡಬೇಡ, ಮರುಸಾಲಿನಲ್ಲೇ ಕೊಡು. ಕಾನೂನೆಂದು ಓದಿದರೆ ವಿರೋಧ, ಗಾದೆಯೆಂದು ಓದಿದರೆ ವಿವೇಕ.

ಕಾರವಾರದಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಆದಿಕಾಂಡ 1 ಬೇಕೇ ಬೇಕು ಎನ್ನುತ್ತಿದ್ದಾರೆ. ವಿಜ್ಞಾನದ ಜಗಳ ಶುರುವಾಗುತ್ತದೆ ಎಂಬ ಹೆದರಿಕೆ. ಎಲ್ಲಿ ಇಡಲಿ?

ಹಳಿಯಾಳದಿಂದ

ಆರನೇ ವಾರ, ಅದಕ್ಕೂ ಮೊದಲು ಬೇಡ. 2:3ರವರೆಗೆ ಒಟ್ಟಿಗೆ ಓದಿ, ಏಳನೇ ದಿನ ಎರಡನೇ ಅಧ್ಯಾಯಕ್ಕೆ ಹೋಗಿಬಿಟ್ಟಿದೆ. ಹಾಳೆಯಲ್ಲಿ ಎರಡು ಕಾಲಂ ಎಳೆಸಿ: ಎಡಕ್ಕೆ ಮೊದಲ ಮೂರು ದಿನ, ಬಲಕ್ಕೆ ಮುಂದಿನ ಮೂರು. ಬೆಳಕಿನ ಎದುರು ಸೂರ್ಯಚಂದ್ರ, ನೀರು ಬಾನಿನ ಎದುರು ಮೀನು ಹಕ್ಕಿ, ನೆಲದ ಎದುರು ಪ್ರಾಣಿ ಮನುಷ್ಯ. ಬರೆದವನ ಜೋಡಣೆ ಅವರ ಕಣ್ಣಿಗೇ ಬೀಳುತ್ತದೆ. ಸೂರ್ಯಚಂದ್ರರ ಹೆಸರನ್ನೂ ಹೇಳದೆ ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಬರೆದಿದ್ದಾನೆ, ಸುತ್ತಲಿನವರು ಅವುಗಳನ್ನೇ ದೇವರೆಂದು ಪೂಜಿಸುತ್ತಿದ್ದ ಕಾಲದಲ್ಲಿ. ದಿನವೆಂದರೆ 24 ಗಂಟೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಂಬುವ ಕ್ರೈಸ್ತರಲ್ಲೇ ಇದಕ್ಕೆ ಬೇರೆ ಬೇರೆ ಉತ್ತರಗಳಿವೆ ಎಂದು ನೇರವಾಗಿ ಹೇಳಿ, ಹಾಳೆಗೆ ವಾಪಸ್ ಬನ್ನಿ.

ಏಳನೇ ವಾರ ಖಾಲಿ ಇಟ್ಟುಕೊಳ್ಳಿ, ಮಳೆಗೆ ಒಂದು ವಾರ ತಪ್ಪುವುದು ಖಂಡಿತ. ಎಂಟಕ್ಕೆ ಲೂಕ 24:13-35, ಎಮ್ಮಾವಿನ ದಾರಿ. ಕುಮಟಾದವರು ಹೇಳಿದ ಹಂತಗಳಲ್ಲೇ ಪಾಠಕ್ಕೆ ಬಂದವರೇ ನಡೆಸಲಿ. ಓದುವವರನ್ನೂ ಸಮಯ ನೋಡುವವರನ್ನೂ ಹಿಂದಿನ ವಾರವೇ ಗೊತ್ತುಮಾಡಿ. ನೀವು ಹಿಂದೆ ಕೂತು ಕೇಳಿ, ಯಾವ ಹಂತವನ್ನು ಹಾರಿಸಿದರು ಎಂದು ಬರೆದಿಟ್ಟುಕೊಳ್ಳಿ.