ಅಪ್‌ಡೇಟ್: ತಾಮ್ರದ ಪೈಪಿನ ಸೋರಿಕೆ ಕೊನೆಗೂ ನಿಂತಿತು

ಸಿಂಕ್ ಕೆಳಗಿನ ತಾಮ್ರದ ಎಲ್ಬೋಗೆ (ಪೈಪನ್ನು ತಿರುಗಿಸುವ L ಆಕಾರದ ಫಿಟ್ಟಿಂಗ್) ಎರಡು ಸಲ ಬೆಸುಗೆ ಹಾಕಿದರೂ ಜಿನುಗುತ್ತಿದೆ ಅಂತ ಕೇಳಿದ್ದೆನಲ್ಲ, ಈಗ ನಿಂತಿದೆ. ತಪ್ಪು ನನ್ನದೇ. ಮೇನ್ ವಾಲ್ವ್ ಮುಚ್ಚಿದ್ದೆ, ಆದರೆ ಪೈಪಿನೊಳಗೆ ಒಂದಿಷ್ಟು ನೀರು ಉಳಿದಿತ್ತು. ನೀರು ಇರುವ ತನಕ ಜಾಯಿಂಟ್ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ; ಸೀಸವಿಲ್ಲದ ಸೋಲ್ಡರ್ (ಬೆಸುಗೆಯ ಲೋಹ) ಕರಗೋಕೆ 220ರ ಹತ್ತಿರ ಬೇಕು. ನಾನೋ, ಗ್ಯಾಸ್ ಟಾರ್ಚ್ ಹಿಡಿದು ಬೆವರು ಸುರಿಸಿದ್ದೇ ಬಂತು!

ಈ ಸಲ ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ನೀರನ್ನೆಲ್ಲ ಬಸಿದೆ. ಎಲ್ಬೋ ಹೊಸದು. ಪೈಪಿನ ತುದಿಯನ್ನು ಉಪ್ಪುಕಾಗದದಲ್ಲಿ ಫಳಫಳ ಹೊಳೆಯುವವರೆಗೆ ಉಜ್ಜಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಸವರಿ, ಉರಿಯನ್ನು ಫಿಟ್ಟಿಂಗಿಗೆ ಹಿಡಿದೆ, ಸೋಲ್ಡರಿಗಲ್ಲ. ಸೋಲ್ಡರ್ ತಂತಿ ಮುಟ್ಟಿಸಿದ್ದೇ ತಡ, ಸರಕ್ಕನೆ ಒಳಗೆ ಎಳೆದುಕೊಂಡು ಸುತ್ತಲೂ ಬೆಳ್ಳಿ ಉಂಗುರ ಮೂಡಿತು. ಮೂರು ದಿನವಾಯ್ತು, ಕೆಳಗೆ ಹಾಸಿದ ಟಿಶ್ಯೂ ಇನ್ನೂ ಒಣಗಿಯೇ ಇದೆ.