ಫೋರ್ ಬೈ ಫೋರ್ ಮಾಡಿಸಿದ ಮೇಲೆ ಇ-350 ಏರು ಹತ್ತುತ್ತಿಲ್ಲ, ಎರಡು-ಮೂರು ಗೇರಿನ ನಡುವೆ ಒದ್ದಾಟ

ಸುತ್ತಾಟ350:
ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನನ್ನ ವ್ಯಾನು 2006ರ ಫೋರ್ಡ್ ಇ-350, ಉದ್ದ ಬಾಡಿ, 5.4 ಲೀಟರ್ ವಿ8 ಎಂಜಿನ್. ಫೋರ್ ಬೈ ಫೋರ್ ಮಾಡಿಸುವ (ನಾಲ್ಕೂ ಗಾಲಿಗೆ ಎಳೆತ ಕೊಡಿಸುವ) ಮೊದಲು ಆರಾಮಾಗಿ ಓಡುತ್ತಿತ್ತು. ಈಗ ಏರು ಬಂದರೆ ಸಾಕು, ಓವರ್‌ಡ್ರೈವ್ (ನಾಲ್ಕನೇ ಗೇರ್) ಬಿಟ್ಟು ಮೂರಕ್ಕೆ ಬರುತ್ತದೆ. ಮೂರರಲ್ಲೂ ಎಳೆಯುವುದಿಲ್ಲ. ಎರಡಕ್ಕೆ ಇಳಿದು ಕಿರುಚುತ್ತದೆ, ಮತ್ತೆ ಮೂರಕ್ಕೆ ಹೋಗುತ್ತದೆ, ಮತ್ತೆ ಎರಡು. ಹಿಂದೆ ಟ್ರಕ್ಕುಗಳ ಸಾಲು. ಟ್ರಾನ್ಸ್‌ಮಿಷನ್ ಆಯಿಲ್ ಬದಲಾಯಿಸಿದೆ. ಪ್ಲಗ್, ಕಾಯಿಲ್ ಎಲ್ಲ ಹೊಸದು. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಕೆಲಸ ಮಾಡಿದ ಅಂಗಡಿಯವರನ್ನು ಕೇಳಿದರೆ "ವ್ಯಾನ್ ಅಂದರೆ ಹೀಗೇ ಸರ್" ಅನ್ನುತ್ತಾರೆ. ಟ್ರಾನ್ಸ್‌ಮಿಷನ್ ಹೋಗಿದೆಯಾ? ಬೇಗ ಹೇಳಿ, ಮುಂದಿನ ವಾರ ಹೊರಡಬೇಕು.

ವಿ10ಭಕ್ತ:
5.4 ಇಟ್ಟುಕೊಂಡು ಫೋರ್ ಬೈ ಫೋರ್ ಮಾಡಿಸಿದರೆ ಇನ್ನೇನಾಗುತ್ತದೆ? 255 ಕುದುರೆ, 350 ಪೌಂಡ್-ಫೂಟ್ ಟಾರ್ಕ್. ಅದೇ ವರ್ಷದ 6.8 ವಿ10ನಲ್ಲಿ 305 ಮತ್ತು 420. ವ್ಯಾನ್ ಮಾರಿ, ವಿ10 ಇರುವುದನ್ನು ತೊಗೊಳ್ಳಿ. ಮುಗೀತು.

ಗೇರ್‌ಲೆಕ್ಕ:
ಆಕ್ಸಲ್ ರೇಶಿಯೋ (ಗಾಲಿಯ ಒಂದು ಸುತ್ತಿಗೆ ಆಕ್ಸಲ್‌ಗೆ ಬರುವ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನುವುದು) ಎಷ್ಟು? ಟೈರ್ ಅಳತೆ ಎಷ್ಟು? ವ್ಯಾನಿನ ತೂಕ? ಯಾವ ಏರು? ಇವು ನಾಲ್ಕೂ ಗೊತ್ತಿಲ್ಲದೆ ಯಾರು ಏನು ಹೇಳಿದರೂ ಸುಮ್ನೆ ಗಾಳಿಯಲ್ಲಿ ಗುಂಡು.

ಹಳೇಪಾನಾ:
ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕಟ್ಟಿಕೊಂಡಿದೆ, ನೂರಕ್ಕೆ ನೂರು. ಲೈಟ್ ಬರಬೇಕು ಅಂತೇನೂ ಇಲ್ಲ. ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುವುದೇ ಅದರ ಲಕ್ಷಣ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಹಾಕಿ. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಅದೇ ಕಳ್ಳ.

ಸುತ್ತಾಟ350:
@ಗೇರ್‌ಲೆಕ್ಕ ಟೈರ್ ಮಾಮೂಲಿ 33 ಇಂಚು. ರೇಶಿಯೋ ಕಂಪನಿಯಿಂದ ಬಂದದ್ದೇ ಇರಬೇಕು. ತೂಕ ನೋಡಿಲ್ಲ. ಹೈಟಾಪ್ (ಎತ್ತರದ ಚಾವಣಿ) ಇದೆ, ಒಳಗೆ ಮಂಚ, ನೀರಿನ ಟ್ಯಾಂಕು, ಎರಡು ಬ್ಯಾಟರಿ, ಮೇಲೆ ರ‍್ಯಾಕು. ಎಲ್ಲರದ್ದೂ ಹೀಗೇ ಇರುತ್ತದಲ್ವಾ? ಏರು ಅಂದರೆ ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70, ಐಸೆನ್‌ಹೋವರ್ ಸುರಂಗದ ಕಡೆ.
@ಹಳೇಪಾನಾ ಗೇಜ್ ಸಾಲ ತಂದು ನೋಡುತ್ತೇನೆ.

ಗೇರ್‌ಲೆಕ್ಕ:
ಒಂದು ನಿಮಿಷ. ಫೋರ್ ಬೈ ಫೋರ್ ಮಾಡಿಸುವ ಮೊದಲು "ಆರಾಮಾಗಿ" ಓಡುತ್ತಿದ್ದದ್ದು ಎಲ್ಲಿ?

ಸುತ್ತಾಟ350:
ಆಗ ಹ್ಯೂಸ್ಟನ್‌ನಲ್ಲಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಡೀಸೆಲ್‌ರಾಜ:
😂😂 ಹ್ಯೂಸ್ಟನ್‌ನಲ್ಲಿ ಏರು ಅಂದರೆ ಫ್ಲೈಓವರ್ ಒಂದೇ ಅಣ್ಣ.

ಗೇರ್‌ಲೆಕ್ಕ:
ಸಂಬಂಧ ಇಷ್ಟೇ. ಹ್ಯೂಸ್ಟನ್ ಸಮುದ್ರ ಮಟ್ಟಕ್ಕೆ ಹತ್ತಿರ. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ನಿಮ್ಮ 255 ಕುದುರೆ ಅಲ್ಲಿ 170-180 ಆಗುತ್ತದೆ. ವಿ10ಭಕ್ತರೇ, ನಿಮ್ಮ 305 ಕೂಡ ಅಲ್ಲಿ 200ರ ಆಸುಪಾಸು. ಅದು ಕೆಳಗಿನ 5.4ಕ್ಕಿಂತಲೂ ಕಡಿಮೆ. ವ್ಯಾನ್ ಮಾರುವ ಮಾತು ಆಮೇಲೆ ಆಡೋಣ.

ಈಗ ಟೈರು. ಈ ವ್ಯಾನಿಗೆ ಬರುತ್ತಿದ್ದದ್ದು 245/75 ಆರ್16, ವ್ಯಾಸ ಸುಮಾರು 30.5 ಇಂಚು. ನಿಮ್ಮ 33 ಅಂದರೆ 285/75 ಆರ್16 ಇರಬೇಕು, 32.8 ಇಂಚು. ಹತ್ತಿರ ಹತ್ತಿರ ನೂರಕ್ಕೆ 8 ದೊಡ್ಡದು. ಹಿಂದಿನ ಆಕ್ಸಲ್‌ನಲ್ಲಿ 3.73 ಇದೆ ಅಂದುಕೊಂಡರೆ ಈಗ ಅದು 3.46 ಇದ್ದ ಹಾಗೆ ನಡೆಯುತ್ತದೆ. 65 ಮೈಲಿ ವೇಗಕ್ಕೆ ಓವರ್‌ಡ್ರೈವ್‌ನಲ್ಲಿ ಸುಮಾರು 1,740 ಆರ್‌ಪಿಎಂ, ಮೂರರಲ್ಲಿ 2,480, ಎರಡರಲ್ಲಿ 3,850. ಮೂರಕ್ಕೂ ಎರಡಕ್ಕೂ ನಡುವೆ ಎಷ್ಟು ದೊಡ್ಡ ಹಳ್ಳ ನೋಡಿ. ನಿಮ್ಮ ಟ್ರಾನ್ಸ್‌ಮಿಷನ್ ಕೆಟ್ಟಿಲ್ಲ. ಪಾಪ, ಅದಕ್ಕೆ ಇರುವ ಎರಡು ಗೇರೂ ಅಲ್ಲಿಗೆ ಸರಿ ಹೊಂದುತ್ತಿಲ್ಲ.

ಮೊದಲು ರೇಶಿಯೋ ಎಷ್ಟು ಅಂತ ನೋಡಿ. "ಇರಬೇಕು" ಅನ್ನುವುದು ಬೇಡ. ಚಾಲಕನ ಬಾಗಿಲ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಅದು ಕಾರ್ಖಾನೆಯಿಂದ ಹೊರಟಾಗ ಇದ್ದದ್ದು ಮಾತ್ರ, ನಡುವೆ ಯಾರಾದರೂ ಬದಲಾಯಿಸಿದ್ದರೆ ಸ್ಟಿಕರ್‌ಗೆ ಗೊತ್ತಾಗುವುದಿಲ್ಲ. ಕೈಯಿಂದಲೇ ಎಣಿಸಿ. ಇಗ್ನಿಷನ್ ಆಫ್, ಉಳಿದ ಗಾಲಿಗಳಿಗೆ ಅಡ್ಡಗಟ್ಟೆ, ಜ್ಯಾಕ್ ಸ್ಟ್ಯಾಂಡ್ ಮೇಲೆ ಒಂದೇ ಹಿಂದಿನ ಗಾಲಿ ಎತ್ತಿ, ಆಮೇಲೆ ನ್ಯೂಟ್ರಲ್. ಮಾಮೂಲಿ ಓಪನ್ ಡಿಫರೆನ್ಷಿಯಲ್ (ಎಡ-ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವಂಥದ್ದು) ಆಗಿದ್ದರೆ ಗಾಲಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆ ನೋಡಿ. ನಾಲ್ಕಕ್ಕಿಂತ ಕಾಲು ಸುತ್ತು ಕಡಿಮೆ ಅಂದರೆ 3.73. ನಾಲ್ಕರ ಮೇಲೆ ಸ್ವಲ್ಪವೇ ಅಂದರೆ 4.10. ಮುಂದಿನ ಆಕ್ಸಲ್‌ಗೂ ಇದನ್ನೇ ಮಾಡಿ. ಎರಡೂ ಒಂದೇ ಇರಲೇಬೇಕು.

ಹಳೇಪಾನಾ:
ಲೆಕ್ಕ ಎಲ್ಲ ಚೆನ್ನಾಗಿದೆ. ಮೊದಲು ಕ್ಯಾಟ್ ನೋಡಲಿ.

ಐದುಗೇರು:
ಇದು ಟೈರ್ ಸಮಸ್ಯೆಯೂ ಅಲ್ಲ. 5.4ಗೆ ಬರುವುದು ನಾಲ್ಕು ಗೇರಿನ 4ಆರ್75. ವಿ10 ಮತ್ತು 6.0 ಡೀಸೆಲ್‌ಗೆ ಐದು ಗೇರಿನ ಟಾರ್ಕ್‌ಶಿಫ್ಟ್. ನನ್ನದರಲ್ಲಿ ಅದಿದೆ, ಬೆಣ್ಣೆ ಹಾಗೆ ಹೋಗುತ್ತದೆ. ಐದು ಗೇರಿದ್ದರೆ ಈ ಹಳ್ಳವೇ ಇರುವುದಿಲ್ಲ.

ಗೇರ್‌ಲೆಕ್ಕ:
ಇರುತ್ತದೆ. ಟಾರ್ಕ್‌ಶಿಫ್ಟ್ ರೇಶಿಯೋ ನೋಡಿ: 3.11, 2.22, 1.55, 1.00, 0.71. 4ಆರ್75: 2.84, 1.55, 1.00, 0.70. ಹೆಚ್ಚಿನ ಗೇರ್ ಸಿಕ್ಕಿದ್ದು ಕೆಳಗಡೆ. ಹೆದ್ದಾರಿ ಏರಿನಲ್ಲಿ 1.00ರಿಂದ 1.55ಕ್ಕೆ ಬೀಳುವ ಹಳ್ಳ ಎರಡರಲ್ಲೂ ಒಂದೇ.

ಐದುಗೇರು:
ಪೇಪರ್ ಮೇಲೆ ಒಂದೇ ಇರಬಹುದು. ಓಡಿಸಿ ನೋಡಿ ಮಾತಾಡಿ. ಟೋ/ಹಾಲ್ (ಭಾರ ಎಳೆಯುವಾಗಿನ) ಬಟನ್ ಒತ್ತಿದರೆ ಗೇರ್ ಹಿಡಿದುಕೊಳ್ಳುವ ರೀತಿಯೇ ಬೇರೆ.

ವಿ10ಭಕ್ತ:
ಟಾರ್ಕ್‌ಶಿಫ್ಟ್ ಜೊತೆ ಬರುವುದು ಯಾವ ಎಂಜಿನ್ ಅಂತ ನೆನಪಿರಲಿ 😎

ಡೀಸೆಲ್‌ರಾಜ:
ಇಬ್ಬರೂ ಪೆಟ್ರೋಲ್ ಸುಟ್ಟುಕೊಂಡು ಜಗಳ ಆಡಿ. ನನ್ನದು 2002ರ 7.3 ಪವರ್‌ಸ್ಟ್ರೋಕ್ ಡೀಸೆಲ್, ಅಟ್ಲಾಸ್ 3.8 ಟ್ರಾನ್ಸ್‌ಫರ್ ಕೇಸ್ (ಎರಡು ಆಕ್ಸಲ್‌ಗೂ ಶಕ್ತಿ ಹಂಚುವ ಪೆಟ್ಟಿಗೆ), 4.56 ಗೇರು, ಹಿಂದೆ-ಮುಂದೆ ಲಾಕರ್ (ಎಡ-ಬಲ ಗಾಲಿ ಒಟ್ಟಿಗೇ ತಿರುಗಿಸುವುದು). ಲೋ ರೇಂಜ್ ಮೊದಲ ಗೇರಿನಲ್ಲಿ 47ಕ್ಕೆ 1. ಬಂಡೆ ಮೇಲೆ ಆಕ್ಸಿಲರೇಟರ್ ಮುಟ್ಟುವುದೇ ಬೇಡ. ಟರ್ಬೋ ಇರುವುದರಿಂದ ಎತ್ತರದಲ್ಲೂ ಅಷ್ಟಾಗಿ ಸೊರಗುವುದಿಲ್ಲ.

ವಿ10ಭಕ್ತ:
ವ್ಯಾನಿನ 7.3ಗೆ ಇಂಟರ್‌ಕೂಲರ್ (ಟರ್ಬೋ ಗಾಳಿ ತಣ್ಣಗೆ ಮಾಡುವುದು) ಇರಲಿಲ್ಲ ಅನ್ನುವುದನ್ನೂ ಹೇಳಿಬಿಡಿ ರಾಜರೇ. ಪಿಕಪ್‌ನ 7.3ಗೂ ಇದಕ್ಕೂ ವ್ಯತ್ಯಾಸ ಇದೆ.

ಡೀಸೆಲ್‌ರಾಜ:
ನಾನು ಹಾಕಿಸಿದ್ದೇನೆ. ಫೋಟೋ ಬೇಕಾ?

ಸುತ್ತಾಟ350:
ಸ್ವಾಮಿ, ಇದು ನನ್ನ ಪ್ರಶ್ನೆ!! ಗೇಜ್ ಹಾಕಿ ನೋಡಿದೆ. 2,500ರಲ್ಲಿ 1 ಪಿಎಸ್‌ಐ ಕೂಡ ಇಲ್ಲ. ಕ್ಯಾಟ್ ಸರಿಯಾಗಿದೆ. ಗೇರ್ ಎಣಿಸಿದೆ. ಹಿಂದೆ 3.73, ಮುಂದೆಯೂ 3.73. ಟೈರ್ 285/75 ಆರ್16. ಟ್ರಕ್ ಸ್ಟಾಪ್‌ನಲ್ಲಿ ತೂಕ ಹಾಕಿಸಿದೆ, ನೀರು, ಪೆಟ್ರೋಲ್ ತುಂಬಿ 9,000 ಪೌಂಡ್ ದಾಟಿದೆ.

ಹಳೇಪಾನಾ:
ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿದಿರಾ? ತಣ್ಣಗಿದ್ದಾಗ ಸರಿ ತೋರಿಸುತ್ತದೆ. ಏರು ಹತ್ತುವಾಗಲೇ ಗೇಜ್ ಇಟ್ಟು ನೋಡಬೇಕು.

ಗೇರ್‌ಲೆಕ್ಕ:
ಅಣ್ಣ, ಬಿಟ್ಟುಬಿಡಿ ಆ ಕ್ಯಾಟನ್ನು.

ಸುತ್ತಾಟ ಅವರೇ, 4.10 ಹಾಕಿಸಿದರೆ ಕಂಪನಿಯಿಂದ ಬಂದಾಗ ಇದ್ದ ಎಳೆತ ಮಾತ್ರ ವಾಪಸ್ ಬರುತ್ತದೆ, ಒಂದು ಚೂರು ಜಾಸ್ತಿ ಇರಬಹುದು. ಆದರೆ ಆಗ ಹೈಟಾಪ್ ಇರಲಿಲ್ಲ, ಮುಂದಿನ ಆಕ್ಸಲ್ ಇರಲಿಲ್ಲ, ಮಂಚ-ಟ್ಯಾಂಕು ಇರಲಿಲ್ಲ. ನನ್ನ ಮಾತು ಕೇಳುವುದಾದರೆ ನೇರವಾಗಿ 4.56. 33 ಟೈರ್ ಜೊತೆ ಅದು ಹಳೆಯ 3.73ಕ್ಕಿಂತ ನೂರಕ್ಕೆ 13 ಜಾಸ್ತಿ ಎಳೆಯುತ್ತದೆ. 65 ಮೈಲಿಗೆ ಓವರ್‌ಡ್ರೈವ್‌ನಲ್ಲಿ 2,125, ಮೂರರಲ್ಲಿ 3,040 ಸುತ್ತು. 5.4ರ ಟಾರ್ಕ್ ತುದಿ ಮುಟ್ಟುವುದು 2,500ಕ್ಕೆ, ಕುದುರೆ ಶಕ್ತಿ 4,500ಕ್ಕೆ. ಈಗ ನೀವು ಎರಡಕ್ಕೂ ಕೆಳಗೇ ಓಡಿಸುತ್ತಿದ್ದೀರಿ. ಸುರಂಗದ ಏರಿನಲ್ಲಿ ಆಗಲೂ ಎರಡನೇ ಗೇರ್ ಬೇಕಾಗಬಹುದು. ಎಲ್ಲ ಕಡೆ ಹೀಗೆ ಒದ್ದಾಡುವುದು ಮಾತ್ರ ನಿಲ್ಲುತ್ತದೆ.

ಆರ್ಡರ್ ಮಾಡುವ ಮೊದಲು ಹಿಂದಿನ ಡಿಫರೆನ್ಷಿಯಲ್ ಕವರ್‌ನ ಬೋಲ್ಟ್ ಎಣಿಸಿ. 10 ಇದ್ದರೆ ಡಾನಾ 60 ಆಕ್ಸಲ್, 12 ಇದ್ದರೆ ಸ್ಟರ್ಲಿಂಗ್ ಆಕ್ಸಲ್. ಡಾನಾ 60ರಲ್ಲಿ 4.10ರವರೆಗೆ ಒಂದು ಕ್ಯಾರಿಯರ್ (ರಿಂಗ್ ಗೇರ್ ಕೂರುವ ಭಾಗ), 4.56ರಿಂದ ಮೇಲಕ್ಕೆ ಬೇರೆ ಕ್ಯಾರಿಯರ್. ಒಂದೋ ಅದನ್ನೂ ಕೊಳ್ಳಬೇಕು, ಇಲ್ಲವೇ ದಪ್ಪ ರಿಂಗ್ ಗೇರ್ ಹುಡುಕಬೇಕು. ಸ್ಟರ್ಲಿಂಗ್‌ಗೆ ಈ ತಲೆನೋವಿಲ್ಲ. ಮುಂದಿನದು ಹೈ ಪಿನಿಯನ್ (ಶಾಫ್ಟ್ ಮೇಲ್ಗಡೆ ಸೇರುವ) ಡಾನಾ 60 ಆಗಿದ್ದರೆ ರಿವರ್ಸ್ ಕಟ್ (ಹಲ್ಲು ಉಲ್ಟಾ ಕೊರೆದ) ಗೇರ್ ಬೇಕು, ಹಿಂದಿನ ಸೆಟ್ಟೇ ಅಲ್ಲಿಗೆ ಆಗುವುದಿಲ್ಲ. ಎರಡು ಆಕ್ಸಲ್, ಕೂಲಿ ಸೇರಿ 2,000 ಡಾಲರ್ ದಾಟುತ್ತದೆ ಅಂತಲೇ ಇಟ್ಟುಕೊಳ್ಳಿ.

ಸುತ್ತಾಟ350:
ದುಡ್ಡು ಉಳಿಸೋಕೆ ಈಗ ಹಿಂದಿನದು ಮಾತ್ರ ಮಾಡಿಸಿ, ಮುಂದಿನದು ಆಮೇಲೆ ಮಾಡಿಸಬಹುದಾ? ಫೋರ್ ವೀಲ್ ಹಾಕುವುದೇ ಅಪರೂಪ.

ಗೇರ್‌ಲೆಕ್ಕ:
ಮಾಡಿಸಬಹುದು, ಮುಂದಿನದು ಆಗುವ ತನಕ ಆ ಲಿವರ್ ಮುಟ್ಟಬಾರದು ಅಷ್ಟೇ. ಫೋರ್ ವೀಲ್ ಹಾಕಿದ ತಕ್ಷಣ ಎರಡು ಆಕ್ಸಲ್ ಒಂದಕ್ಕೊಂದು ಹಗ್ಗಜಗ್ಗಾಟ ಮಾಡುತ್ತವೆ. ಟ್ರಾನ್ಸ್‌ಫರ್ ಕೇಸ್ ಒಡೆದರೆ ಉಳಿಸಿದ ದುಡ್ಡಿಗಿಂತ ಜಾಸ್ತಿ ಹೋಗುತ್ತದೆ. ಹಿಮ ಬಿದ್ದ ದಿನ ಮರೆತು ಹಾಕುತ್ತೀರಿ, ಬರೆದಿಟ್ಟುಕೊಳ್ಳಿ.

ವಿ10ಭಕ್ತ:
ಇಷ್ಟೆಲ್ಲ ಖರ್ಚು ಮಾಡಿಯೂ ಅದೇ 5.4.

ಬಿಳಿಹೈಟಾಪ್:
ನನ್ನದೂ 5.4, 4.56, 285 ಟೈರ್. ಸಮತಟ್ಟಿನಲ್ಲಿ ಮೈಲೇಜ್ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. ಗುಡ್ಡದಲ್ಲಿ ಪೂರ್ತಿ ತುಳಿಯುವುದು ತಪ್ಪಿದೆ. ಮುಂದಿನ ವಾರದ ಪ್ರಯಾಣಕ್ಕೆ ಗೇರ್ ಕೆಲಸ ಆಗುವುದಿಲ್ಲ ಬಿಡಿ, ಅಲ್ಲಿಯವರೆಗೆ ಹೀಗೆ ಮಾಡಿ. ಏರು ಶುರುವಾಗುವ ಮೊದಲೇ ಲಿವರ್ ತುದಿಯ ಓವರ್‌ಡ್ರೈವ್ ಆಫ್ ಬಟನ್ ಒತ್ತಿ. ಕಡಿದಾದ ಕಡೆ ಲಿವರನ್ನು 2ಕ್ಕೆ ಎಳೆದು 50 ಮೈಲಿಯಲ್ಲಿ ಬಲಗಡೆ ಲೇನ್ ಹಿಡಿಯಿರಿ. ನಿಮ್ಮ ಈಗಿನ ಗೇರಿಗೆ ಅದು 3,000 ಆರ್‌ಪಿಎಂ ಒಳಗೇ ಇರುತ್ತದೆ. ಕಿರುಚುತ್ತದೆ ಅಂತ ಹೆದರಬೇಡಿ. ಎರಡು-ಮೂರು ಅಂತ ಅತ್ತಿತ್ತ ಹಾರಿದಾಗಲೇ ಟ್ರಾನ್ಸ್‌ಮಿಷನ್ ಜಾಸ್ತಿ ಬಿಸಿ ಆಗುವುದು.

ಅಂದ ಹಾಗೆ ಸ್ಪೀಡೋಮೀಟರ್ ಸರಿ ಮಾಡಿಸಿದ್ದೀರಾ? ಇಲ್ಲದಿದ್ದರೆ 65 ತೋರಿಸುವಾಗ ನಿಜಕ್ಕೂ 70ರಲ್ಲಿದ್ದೀರಿ.

ಸುತ್ತಾಟ350:
ಅಂಗಡಿಯವರು ಅದನ್ನು ಹೇಳಲೇ ಇಲ್ಲ. ಜಿಪಿಎಸ್‌ನಲ್ಲಿ ನೋಡಿದೆ, ನೀವು ಹೇಳಿದ್ದು ಸರಿ. ಕವರ್‌ನಲ್ಲಿ 10 ಬೋಲ್ಟ್. ಎರಡೂ ಆಕ್ಸಲ್‌ಗೆ 4.56 ಅಂತ ಬೇರೆ ಅಂಗಡಿಯಲ್ಲಿ ದರ ಕೇಳಿದ್ದೇನೆ, ಕ್ಯಾರಿಯರ್ ಸೇರಿಸಿ.

ಬಿಳಿಹೈಟಾಪ್:
ಗೇರ್ ಹಾಕಿಸಿದ ಮೇಲೆ ಸ್ಪೀಡೋ ಉಲ್ಟಾ ಆಗುತ್ತದೆ, ಜಾಸ್ತಿ ತೋರಿಸುತ್ತದೆ. ಟೈರ್, ಗೇರ್ ಎರಡನ್ನೂ ಒಟ್ಟಿಗೇ ಪ್ರೋಗ್ರಾಂ ಮಾಡಿಸಿ. ಮೊದಲ 500 ಮೈಲಿ ಏನನ್ನೂ ಎಳೆಯಬೇಡಿ. 15-20 ಮೈಲಿ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಶುರುವಿನಲ್ಲಿ ಹೀಗೆ ಕೆಲವು ಸಲ ಮಾಡಿ. 500 ಆದ ಮೇಲೆ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಿ.

ಹಳೇಪಾನಾ:
ದರ ಬಂತಾ? ಗೇರ್ ಬಿಚ್ಚುವ ಹೊತ್ತಿಗೆ ಆ ಕ್ಯಾಟನ್ನೂ ಒಂದು ಸಲ ತಟ್ಟಿ ನೋಡಲು ಹೇಳಿ. ಒಳಗೆ ಗಲಗಲ ಅಂದರೆ ನನಗೆ ಬರೆಯಿರಿ.

ಡೀಸೆಲ್‌ರಾಜ:
ಇಂಟರ್‌ಕೂಲರ್ ಫೋಟೋ ಹಾಕಿದ್ದೇನೆ, ಕೇಳಿದವರು ನೋಡಿಕೊಳ್ಳಿ. ಪೈಪನ್ನು ರೇಡಿಯೇಟರ್ ಪಕ್ಕದಿಂದ ತಂದದ್ದು ಹೇಗೆ ಅಂತ ಬೇಕಿದ್ದರೆ ಬೇರೆ ಥ್ರೆಡ್ ತೆರೆಯುತ್ತೇನೆ.

ವಿ10ಭಕ್ತ:
ತೆರೆಯಿರಿ. ಅಲ್ಲಿಗೇ ಬರುತ್ತೇನೆ.